‘ಆಲ್ದೋ’ ಬಂದಮೇಲೆ ‘ಬಟ್’ ಯಾಕೆ ಬರಬಾರದು?

ಹೈದರಾಬಾದಿನ ಯಾವ ಬಡಾವಣೆಗೆ ಹೋದರೂ ಯಾವುದೋ ಕಟ್ಟಡದ ಮೊದಲ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಬೋರ್ಡೊಂದು ಕಾಣುತ್ತದೆ. ಮಲ್ಕಾಜ್‌ಗಿರಿಯೂ ಅದಕ್ಕೆ ಹೊರತಲ್ಲ. ಕೆಳಗೆ ಟಿಫಿನ್ ಸೆಂಟರ್ ಅಥವಾ ಜೆರಾಕ್ಸ್ ಅಂಗಡಿ, ಮೇಲೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಬಿಳಿ ಬೋರ್ಡು. ಕಂಜಂಕ್ಷನ್ ಪಾಠದ ದಿನ ಆ ಬೋರ್ಡಿನ ಮೇಲೆ ಮೂಡುವ ಸಾಲುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ‘ಆಲ್ದೋ’ ಬಂದರೆ ‘ಬಟ್’ ಬರಬಾರದು. ‘ಬಿಕಾಸ್’ ಬಂದರೆ ‘ಸೋ’ ಬರಬಾರದು. ‘ಅನ್‌ಲೆಸ್’ ಬಂದರೆ ‘ನಾಟ್’ ಬರಬಾರದು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಖಾಲಿ ಜಾಗ ತುಂಬುವ ಅಭ್ಯಾಸದಲ್ಲಿ ಹತ್ತಕ್ಕೆ ಒಂಬತ್ತು ಅಂಕ ತೆಗೆಯುತ್ತಾರೆ, ಮರುದಿನ ಬಾಯಿ ತೆರೆದರೆ ‘ಆಲ್ದೋ ಇಟ್ ವಾಸ್ ರೈನಿಂಗ್, ಬಟ್ ಐ ವೆಂಟ್’ ಎನ್ನುತ್ತಾರೆ. ಯಾಕೆ ಬರಬಾರದು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಸಿಗುವ ಉತ್ತರ, ‘ರೂಲ್ ಅದು’.

ಆ ಕುರ್ಚಿಗಳಲ್ಲಿ ಕೂತವರ ಬಾಯಲ್ಲಿ ಇಂಗ್ಲಿಷ್ ಒಂದೇ ಇಲ್ಲ. ಮಲ್ಕಾಜ್‌ಗಿರಿ ಮತದಾರರ ಸಂಖ್ಯೆಯಲ್ಲಿ ದೇಶದ ಅತಿ ದೊಡ್ಡ ಲೋಕಸಭಾ ಕ್ಷೇತ್ರ. ಪಕ್ಕದಲ್ಲೇ ಲಾಲಾಗುಡದ ರೈಲ್ವೆ ಕಾರ್ಯಾಗಾರ, ಆಚೆಗೆ ಮೌಲಾಲಿ, ಸಿಕಂದರಾಬಾದ್. ಎಲ್ಲೆಲ್ಲಿಂದಲೋ ಬಂದವರು ನೆಲೆಸಿದ ಊರು. ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದವು. ಆ ಕಡೆಯ ಕನ್ನಡಿಗರಿಗೆ ಈ ನಗರ ಪರವೂರು ಎನಿಸಿದ್ದು ಕಡಿಮೆ. ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳು ಅದಕ್ಕೆ ಸಾಕ್ಷಿ. ಅಂಥ ಮನೆಯ ಹುಡುಗಿಯೊಬ್ಬಳು ಅವ್ವನ ಹತ್ತಿರ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಆಟೋದವನ ಜೊತೆ ದಖನಿ ಮಾತಾಡಿ ಮಹಡಿ ಹತ್ತುತ್ತಾಳೆ. ಮೂರು ಭಾಷೆಯ ವಾಕ್ಯ ಜೋಡಿಸುವ ಬುದ್ಧಿ ಇರುವವಳಿಗೆ ನಾಲ್ಕನೆಯದರಲ್ಲಿ ವಾಕ್ಯ ಜೋಡಿಸಲು ಬರುವುದಿಲ್ಲ ಎಂದರೆ, ದೋಷವನ್ನು ಅವಳಲ್ಲಿ ಹುಡುಕುವ ಮೊದಲು ಪಾಠದಲ್ಲಿ ಹುಡುಕಬೇಕು.

ಆ ಪಾಠ ಮರೆತದ್ದು ಇದನ್ನು: ಕನ್ನಡದಲ್ಲಿ ಎರಡು ಮಾತನ್ನು ಹೊಲಿಯುವ ಕೆಲಸ ಬಹುಪಾಲು ಬಿಡಿ ಪದದ್ದಲ್ಲ, ಪದದ ಬಾಲದ್ದು. ಶಾಲೆಯ ವ್ಯಾಕರಣ ‘ಮತ್ತು’, ‘ಅಥವಾ’, ‘ಆದ್ದರಿಂದ’, ‘ಊ’ ಎಲ್ಲವನ್ನೂ ಸಂಬಂಧಾರ್ಥಕಾವ್ಯಯ ಎಂಬ ಒಂದೇ ಚೀಲಕ್ಕೆ ಹಾಕಿ ಮುಂದೆ ಹೋಗುತ್ತದೆ. ಆದರೆ ಆ ಪಟ್ಟಿಯ ಕೊನೆಯಲ್ಲಿ ಕೂತಿರುವ ‘ಊ’ ಮಾಡುವ ಕೆಲಸ ಉಳಿದವುಗಳಿಗಿಂತ ಎಷ್ಟೋ ಹೆಚ್ಚು. ‘ಅಕ್ಕನೂ ತಂಗಿಯೂ ಬಂದರು’ ಎಂದಾಗ ಅದು ಇಂಗ್ಲಿಷಿನ ಆ್ಯಂಡ್. ‘ಅಕ್ಕನೂ ಬಂದಳು’ ಎಂದಾಗ ಆಲ್ಸೋ. ‘ಒಬ್ಬನೂ ಬರಲಿಲ್ಲ’ ಎಂದಾಗ ಈವನ್. ‘ಹಾಲೂ ಇಲ್ಲ, ಸಕ್ಕರೆಯೂ ಇಲ್ಲ’ ಎಂದಾಗ ನೈದರ್–ನಾರ್. ಬಂದರೆ ಎಂಬುದಕ್ಕೆ ಅದೇ ‘ಊ’ ಅಂಟಿಸಿದರೆ ‘ಬಂದರೂ’, ಅದು ಆಲ್ದೋ. ಇಂಗ್ಲಿಷ್ ಐದಾರು ಪದ ಖರ್ಚುಮಾಡುವ ಕಡೆ ಕನ್ನಡ ಒಂದು ಸ್ವರದಲ್ಲಿ ಮುಗಿಸುತ್ತದೆ. ಅದರ ಜೋಡಿ ‘ಓ’ ಇದೆ: ‘ಇವತ್ತೋ ನಾಳೆಯೋ’, ‘ಬರುತ್ತಾನೋ ಇಲ್ಲವೋ’. ತೆಲುಗಿನಲ್ಲೂ ಹೀಗೇ. ‘ವಾನ ವಚ್ಚಿನಾ’ ಎನ್ನುವಾಗ ಆ ಕೊನೆಯ ದೀರ್ಘವೇ ಆಲ್ದೋ.

ಈಗ ಆ ಹುಡುಗಿಯ ವಾಕ್ಯಕ್ಕೆ ಮರಳಿದರೆ ತಪ್ಪು ಹುಟ್ಟಿದ ಜಾಗ ಕಾಣುತ್ತದೆ. ‘ಮಳೆ ಬರುತ್ತಿದ್ದರೂ ಹೋದೆ.’ ಹೊಲಿಗೆ ಇರುವುದು ಎಲ್ಲಿ? ಎರಡು ತುಂಡು ಕೂಡುವ ಜಾಗದಲ್ಲೇ, ‘ಇದ್ದರೂ’ ಎಂಬುದರ ತುದಿಯಲ್ಲಿ. ಇಂಗ್ಲಿಷ್ ಆ ಹೊಲಿಗೆಯನ್ನು ಕಿತ್ತು ವಾಕ್ಯದ ತಲೆಯ ಮೇಲೆ ಇಡುತ್ತದೆ. ಆಲ್ದೋ ಎಂದು ಶುರುಮಾಡಿ, ಮಳೆಯ ವಿಷಯ ಹೇಳಿ ಮುಗಿಸಿ, ಎರಡು ತುಂಡಿನ ಸಂದಿಗೆ ಬಂದಾಗ ಕನ್ನಡದ ಕಿವಿಗೆ ಅಲ್ಲಿ ಏನೋ ಖಾಲಿ ಅನಿಸುತ್ತದೆ. ಅಲ್ಲೊಂದು ಪದ ಇರಬೇಕಿತ್ತು. ಬಟ್ ಎಂದು ತುಂಬುತ್ತಾಳೆ. ‘ಬಿಕಾಸ್… ಸೋ’ ಹುಟ್ಟುವುದೂ ಹೀಗೆಯೇ. ‘ಬಸ್ ತಡವಾದ್ದರಿಂದ’ ಎಂಬಲ್ಲಿ ‘ಇಂದ’ ಸಂದಿಯಲ್ಲೇ ಇದೆ. ಬೆಂಗಳೂರು–ಹೈದರಾಬಾದ್ ಎರಡೂ ಕಡೆ ಕೇಳಿಬರುವ ‘ಇಫ್ ಹಿ ಕಮ್ಸ್ ಮೀನ್ಸ್, ಟೆಲ್ ಮಿ’ ಎಂಬುದೂ ಅಷ್ಟೇ. ‘ಬಂದ ಅಂದರೆ’, ‘ವಚ್ಚಾಡಂಟೇ’ ಎಂಬುದರ ‘ಅಂದರೆ’ಗೆ ಸಂದಿಯಲ್ಲಿ ಜಾಗ ಬೇಕು, ಇಫ್ ಎಂಬುದು ಆಗಲೇ ತಲೆಯ ಕಡೆ ಹೋಗಿಬಿಟ್ಟಿದೆ. ಮೂರು ಬೇರೆ ಬೇರೆ ತಪ್ಪು ಎಂದು ಬೋರ್ಡಿನ ಮೇಲೆ ಬರೆದದ್ದು ನಿಜಕ್ಕೂ ಒಂದೇ ತಪ್ಪು.

ಇದು ತೆಲುಗು–ಕನ್ನಡದವರ ರೋಗವೂ ಅಲ್ಲ. ಉರ್ದು, ಹಿಂದಿಗಳಲ್ಲಿ ‘ಹಾಲಾಂಕಿ… ಲೇಕಿನ್’ ಜೋಡಿಯಾಗಿಯೇ ನಡೆಯುತ್ತವೆ. ಚೀನೀ ಭಾಷೆಯಲ್ಲಿ ಆಲ್ದೋ, ಬಟ್‌ಗಳಿಗೆ ಸಮನಾದ ಎರಡೂ ಪದ ಒಂದೇ ವಾಕ್ಯದಲ್ಲಿ ಬರುವುದೇ ಸಹಜ; ಅಲ್ಲಿನ ಮಕ್ಕಳು ಇಂಗ್ಲಿಷ್ ಕಲಿಯುವಾಗ ಮಾಡುವ ತಪ್ಪೂ ಮಲ್ಕಾಜ್‌ಗಿರಿಯದೇ. ಇಂಗ್ಲಿಷ್ ಕೂಡ ಈ ವಿಷಯದಲ್ಲಿ ಬಹಳ ಸಾಚಾ ಅಲ್ಲ. 1930ರ ದಶಕದಿಂದ ಭಾರತದ ಮನೆಮನೆಯ ಕಪಾಟಿನಲ್ಲಿರುವ ರೆನ್ ಆ್ಯಂಡ್ ಮಾರ್ಟಿನ್ ವ್ಯಾಕರಣದಲ್ಲಿ ‘ದೋ… ಯೆಟ್’ ಜೋಡಿ ಪದಗಳ ಪಟ್ಟಿಯಲ್ಲಿದೆ. ‘ಇಫ್… ದೆನ್’ ಅಂತೂ ಎಲ್ಲರೂ ಬಳಸುವುದು. ದೋ ಜೊತೆ ಯೆಟ್ ಸರಿ, ಬಟ್ ತಪ್ಪು ಎನ್ನುವುದು ತರ್ಕಕ್ಕಿಂತ ರೂಢಿಯ ಮಾತು. ರೂಢಿಯನ್ನು ರೂಢಿ ಎಂದೇ ಹೇಳಿಕೊಟ್ಟರೆ ಕಲಿಯುವವರಿಗೆ ಅವಮಾನವಾಗುವುದಿಲ್ಲ. ಬುದ್ಧಿಯಿಲ್ಲದೆ ಮಾಡಿದ ತಪ್ಪು ಎಂಬಂತೆ ಹೇಳಿದರೆ ಮಾತ್ರ ಆಗುತ್ತದೆ.

ಸಂದಿಯ ಕಾರಣ ಗೊತ್ತಾದರೆ ಪರಿಹಾರ ಬಹಳ ಸುಲಭ. ವಾಕ್ಯವನ್ನು ತಿರುಗಿಸಿ ಹೇಳಿಸಬೇಕು, ಅಷ್ಟೇ. ‘ಐ ವೆಂಟ್ ಆಲ್ದೋ ಇಟ್ ವಾಸ್ ರೈನಿಂಗ್.’ ‘ಐ ವಾಸ್ ಲೇಟ್ ಬಿಕಾಸ್ ದ ಬಸ್ ವಾಸ್ ಲೇಟ್.’ ಈಗ ಇಂಗ್ಲಿಷ್ ಪದವೂ ಸಂದಿಯಲ್ಲೇ ಕೂತಿತು, ಕಿವಿಗೆ ಖಾಲಿ ಜಾಗ ಕಾಣಲಿಲ್ಲ. ಹೀಗೆ ಹೇಳುವವರು ಬಟ್ ಸೇರಿಸುವುದೇ ಇಲ್ಲ. ಸೇರಿಸಲು ಜಾಗವೇ ಉಳಿದಿಲ್ಲ. ಮೊದಲ ಕೆಲವು ತಿಂಗಳು ಆಲ್ದೋ, ಬಿಕಾಸ್, ಇಫ್ ಮೂರನ್ನೂ ನಡುವೆ ಇಟ್ಟೇ ಮಾತಾಡಿಸಿ, ನಾಲಿಗೆ ಪಳಗಿದ ಮೇಲೆ ತಲೆಗೆ ಸರಿಸಬಹುದು. ‘ಬರಬಾರದು’ ಎಂಬ ಪಟ್ಟಿ ಸಾಧಿಸದ್ದನ್ನು ಇದು ಸದ್ದಿಲ್ಲದೆ ಸಾಧಿಸುತ್ತದೆ.

ಆದರೆ ಹೀಗೆ ಕಲಿಸಲು ತರಗತಿಯೊಳಗೆ ಕನ್ನಡ ಬೇಕು, ತೆಲುಗು ಬೇಕು. ‘ಇಲ್ಲಿ ಇಂಗ್ಲಿಷ್ ಮಾತ್ರ’ ಎಂಬ ಫಲಕ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಈ ಫಲಕದ ಪರವಾಗಿ ಹೇಳಬಹುದಾದದ್ದು ಇಲ್ಲವೆಂದಲ್ಲ. ಮೂವತ್ತು ಜನರಲ್ಲಿ ನಾಲ್ಕು ಮಾತೃಭಾಷೆಯವರಿದ್ದರೆ ಮೇಷ್ಟ್ರು ಯಾವುದನ್ನು ಹಿಡಿಯಬೇಕು? ಮನೆಯಲ್ಲಿ ಇಂಗ್ಲಿಷ್ ಕಿವಿಗೇ ಬೀಳದವರಿಗೆ ಆ ಒಂದು ಗಂಟೆಯಾದರೂ ಪೂರ್ತಿ ಸಿಗಲಿ ಎನ್ನುವುದರಲ್ಲಿ ಏನು ತಪ್ಪು? ಫೀ ಕಟ್ಟಿದವರು ಕೇಳುವುದೂ ಅದನ್ನೇ. ಇವೆಲ್ಲ ನಿಜ. ಆದರೆ ಒಂದು ಗಂಟೆಯಲ್ಲಿ ಹತ್ತು ನಿಮಿಷ ‘ನಿಮ್ಮ ಭಾಷೆಯಲ್ಲಿ ಈ ವಾಕ್ಯದ ಹೊಲಿಗೆ ಎಲ್ಲಿದೆ, ಬೆರಳಿಟ್ಟು ತೋರಿಸಿ’ ಎಂದು ಕೇಳಲು ಮೇಷ್ಟ್ರಿಗೆ ನಾಲ್ಕು ಭಾಷೆ ಬರಬೇಕಿಲ್ಲ. ತೋರಿಸುವವರಿಗೆ ಬಂದರೆ ಸಾಕು.

ವಿಚಿತ್ರವೆಂದರೆ ಇದನ್ನೆಲ್ಲ ಯೋಚಿಸಬೇಕಾದ ಸಂಸ್ಥೆ ಮಲ್ಕಾಜ್‌ಗಿರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ತಾರ್ನಾಕದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇದೆ. ಭಾರತದ ಇಂಗ್ಲಿಷ್ ಬೋಧನೆ ಸುಧಾರಿಸಲೆಂದೇ 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾದದ್ದು ಹೈದರಾಬಾದಿನಲ್ಲಿ. ಈಗ ಅದು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾಲಯ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರದ್ದು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಪ್ರಯೋಗವನ್ನು ಇಂಗ್ಲಿಷ್ ಕಲಿಸುವವರು ಜಗತ್ತಿನೆಲ್ಲೆಡೆ ಓದುತ್ತಾರೆ. ನಕಾಶೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು, ಇಂಥ ಕೆಲಸ ಕೊಟ್ಟು, ಮಗುವಿನ ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎಂಬ ನಂಬಿಕೆ ಅದರದ್ದು. ಅದನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ ನಿಯಮವನ್ನು ಬಾಯಿಪಾಠ ಮಾಡಿಸುವುದರಿಂದ ನಾಲಿಗೆ ತಿರುಗುವುದಿಲ್ಲ ಎಂಬ ಅದರ ತಕರಾರು ನಲವತ್ತು ವರ್ಷವಾದರೂ ಪಕ್ಕದ ಬಡಾವಣೆಯ ಮಹಡಿಯನ್ನು ಹತ್ತಿಲ್ಲ. ಕನ್ನಡದ ಕಡೆಯಿಂದ ಡಿ.ಎನ್. ಶಂಕರ ಭಟ್ಟರು, ಕನ್ನಡದ ವಾಕ್ಯವನ್ನು ಸಂಸ್ಕೃತದ ಕನ್ನಡಕ ಹಾಕಿಕೊಂಡು ನೋಡಬೇಡಿ ಎಂದು ಪುಸ್ತಕದ ಮೇಲೆ ಪುಸ್ತಕ ಬರೆದರು. ಅದೂ ಶಾಲೆಗೆ ಅಷ್ಟಾಗಿ ಮುಟ್ಟಲಿಲ್ಲ. ತನ್ನ ಭಾಷೆಯಲ್ಲಿ ‘ಊ’ ಏನು ಮಾಡುತ್ತದೆಂದು ಹತ್ತು ವರ್ಷದ ಶಾಲೆಯಲ್ಲಿ ಕೇಳದೇ ಇದ್ದವಳಿಗೆ ಇಂಗ್ಲಿಷ್ ಮೇಷ್ಟ್ರು ಅದನ್ನು ನೆನಪಿಸುವುದಾದರೂ ಹೇಗೆ?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗುತ್ತದೆ. ಮೇಲಿನ ತಪ್ಪುಗಳಲ್ಲಿ ಹೆಚ್ಚಿನವು ತಿದ್ದದಿದ್ದರೂ ಊರು ಮುಳುಗುವುದಿಲ್ಲ. ‘ಆಲ್ದೋ… ಬಟ್’ ಎಂದವಳ ಮಾತು ಕೇಳಿದವರಿಗೆ ಪೂರ್ತಿ ಅರ್ಥವಾಗಿರುತ್ತದೆ. ಸಂದರ್ಶನದಲ್ಲಿ ಅದಕ್ಕಾಗಿ ಅಂಕ ಕಳೆಯುವವರು ಭಾಷೆ ಅಳೆಯುತ್ತಿಲ್ಲ, ಆಕೆ ಯಾವ ಶಾಲೆಯಿಂದ ಬಂದಳೆಂದು ಅಳೆಯುತ್ತಿದ್ದಾರೆ. ತಿದ್ದಲೇಬೇಕಾದವು ಬೇರೆ ಇವೆ: ಅರ್ಥವನ್ನೇ ತಲೆಕೆಳಗು ಮಾಡುವಂಥವು. ಬೋರ್ಡಿನ ಮೇಲೆ ಎಲ್ಲವೂ ಒಂದೇ ಅಳತೆಯ ಅಕ್ಷರದಲ್ಲಿ ಇರುವುದರಿಂದ ಯಾವುದು ಗೀರು, ಯಾವುದು ಗಾಯ ಎಂದು ಗೊತ್ತಾಗುವುದಿಲ್ಲ.

ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ಹೀಗೊಂದು ಸಾಲು ಇದೆಯೆಂದು ಇಟ್ಟುಕೊಳ್ಳಿ: ‘ಅನ್‌ಲೆಸ್ ಡ್ಯೂಸ್ ಆರ್ ನಾಟ್ ಪೇಯ್ಡ್, ವಾಟರ್ ವಿಲ್ ಬಿ ಸ್ಟಾಪ್ಡ್.’ ಬರೆದ ಕಾರ್ಯದರ್ಶಿಯ ತಲೆಯಲ್ಲಿದ್ದದ್ದು ‘ಬಾಕಿ ಕಟ್ಟದಿದ್ದರೆ ನೀರು ನಿಲ್ಲಿಸಲಾಗುವುದು’. ‘ಕಟ್ಟದ’ ಎಂಬಲ್ಲಿ ನಿಷೇಧ ಕ್ರಿಯಾಪದದ ಹೊಟ್ಟೆಯೊಳಗಿದೆ. ಅದನ್ನು ನಾಟ್ ಎಂದು ಹೊರಗೆ ತೆಗೆದಿಟ್ಟರು, ಅನ್‌ಲೆಸ್ ತನ್ನೊಳಗೇ ಒಂದು ನಾಟ್ ಇಟ್ಟುಕೊಂಡಿದೆ ಎಂಬುದು ಮರೆತುಹೋಯಿತು. ಬರೆದ ಸಾಲು ನಿಜಕ್ಕೂ ಹೇಳುವುದು, ಬಾಕಿ ಕಟ್ಟಿದವರ ನೀರು ನಿಲ್ಲುತ್ತದೆ ಎಂದು. ಅಕ್ಕಪಕ್ಕದವರು ನಕ್ಕು ಸರಿಯಾಗಿಯೇ ಅರ್ಥಮಾಡಿಕೊಳ್ಳುತ್ತಾರೆ. ಅದೇ ಸಾಲು ಬಾಡಿಗೆ ಕರಾರಿನಲ್ಲಿದ್ದು, ಜಗಳ ವಕೀಲರವರೆಗೆ ಹೋದರೆ ಯಾರೂ ನಗುವುದಿಲ್ಲ.

ಅನ್‌ಲೆಸ್‌ನ ತಮ್ಮ ಅಂಟಿಲ್. ‘ಅಂಟಿಲ್ ಯು ಡೋಂಟ್ ಕಮ್, ಐ ವೋಂಟ್ ಗೋ’ ಎಂಬ ವಾಕ್ಯ ಹೈದರಾಬಾದಿನಲ್ಲಿ ಧಾರಾಳ. ಇದು ಕನ್ನಡದಿಂದ ಬಂದದ್ದಲ್ಲ. ಕನ್ನಡದಲ್ಲಿ ‘ನೀನು ಬರುವವರೆಗೆ’ ಎನ್ನುತ್ತೇವೆಯೇ ಹೊರತು ‘ಬರದವರೆಗೆ’ ಎನ್ನುವುದಿಲ್ಲ. ತೆಲುಗಿನ ‘ವಚ್ಚೇವರಕು’ ಕೂಡ ಹಾಗೆಯೇ. ನಿಷೇಧ ಬರುವುದು ಹಿಂದಿ–ದಖನಿಯ ‘ಜಬ್ ತಕ್ ನಹೀಂ ಆತೇ’ ಎಂಬುದರಿಂದ. ಅಂದರೆ ಇಲ್ಲಿ ಕನ್ನಡದ ಹುಡುಗಿ ತನ್ನ ಅವ್ವನ ಮಾತನ್ನು ನೆಚ್ಚಿಕೊಂಡಿದ್ದರೆ ಇಂಗ್ಲಿಷ್ ತಾನಾಗಿ ಸರಿಹೋಗುತ್ತಿತ್ತು. ತಾಯಿನುಡಿಯಿಂದಲೇ ಇಂಗ್ಲಿಷ್ ಕೆಡುತ್ತದೆ ಎನ್ನುವವರಿಗೆ ಈ ಒಂದು ವಾಕ್ಯ ಸಾಕು.

ಆ್ಯಂಡ್, ಆರ್‌ಗಳ ವಿಷಯಕ್ಕೆ ಬಂದರೆ ದುಡ್ಡಿನ ಲೆಕ್ಕವೇ ಶುರುವಾಗುತ್ತದೆ. 1950ರ ದಶಕದಲ್ಲಿ ಬೆಂಗಳೂರಿನಿಂದ ಸ್ಪೋರ್ಟಿಂಗ್ ಸ್ಟಾರ್ ಎಂಬ ವಾರಪತ್ರಿಕೆ ಅಚ್ಚಾಗುತ್ತಿತ್ತು, ಅದರಲ್ಲಿ ಆರ್.ಎಂ.ಡಿ.ಸಿ. ಪದಬಂಧ ಎಂಬ ಬಹುಮಾನದ ಸ್ಪರ್ಧೆ. ಮುಂಬಯಿ ಪ್ರಾಂತ್ಯದಲ್ಲೂ ಜನ ದುಡ್ಡು ಕಟ್ಟಿ ಆಡುತ್ತಿದ್ದರು, ಅಲ್ಲಿನ ಸರ್ಕಾರ ತೆರಿಗೆ ಹಾಕಿತು, ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1957ರಲ್ಲಿ ತೀರ್ಪು ಬಂತು. ಕಾಯ್ದೆಯ ವ್ಯಾಖ್ಯೆಯಲ್ಲಿ ಉತ್ತರವನ್ನು ಸಂಘಟಕರು ಮೊದಲೇ ಸಿದ್ಧಪಡಿಸುವ ಬಗ್ಗೆ ಒಂದು ತುಂಡು, ಉತ್ತರ ಅದೃಷ್ಟದಿಂದ ನಿರ್ಧಾರವಾಗುವ ಬಗ್ಗೆ ಇನ್ನೊಂದು ತುಂಡು, ಎರಡರ ನಡುವೆ ‘ಆರ್’. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಬುದ್ಧಿಯಿಂದ ಬಿಡಿಸುವ ನಿರುಪದ್ರವಿ ಪದಬಂಧವೂ ಜೂಜಿನ ಸಾಲಿಗೆ ಸೇರುತ್ತಿತ್ತು. ಶಾಸನದ ಉದ್ದೇಶ ಅದಲ್ಲ ಎಂದ ನ್ಯಾಯಾಲಯ ಆ ‘ಆರ್’ ಅನ್ನು ‘ಆ್ಯಂಡ್’ ಎಂದು ಓದಿತು. ಕಾಯ್ದೆ ಉಳಿಯಿತು, ಕಂಪನಿ ಸೋತಿತು. ಹೈದರಾಬಾದಿನದೇ ಇನ್ನೊಂದು ಮೊಕದ್ದಮೆಯಲ್ಲಿ ಇದರ ತಿರುವುಮುರುವು. ಹೈದರಾಬಾದ್ ಆಸ್ಬೆಸ್ಟಾಸ್ ಸಿಮೆಂಟ್ ಪ್ರಾಡಕ್ಟ್ಸ್ ಕಂಪನಿ ಕೇಂದ್ರ ಅಬಕಾರಿ ನಿಯಮವೊಂದರ ಮೇಲೆ ಜಗಳಕ್ಕೆ ನಿಂತಾಗ, ಎರಡು ಉಪವಾಕ್ಯಗಳ ನಡುವಿನ ‘ಆ್ಯಂಡ್’ ಆ್ಯಂಡೇ, ಎರಡನ್ನೂ ಒಟ್ಟಿಗೇ ಓದಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇಂಗ್ಲಿಷೇ ತಾಯಿನುಡಿಯಾದವರು ಇದರಲ್ಲಿ ಎಡವುವುದಿಲ್ಲ ಎಂದೂ ಅಲ್ಲ. 2024ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪಲ್ಸಿಫರ್ ಪ್ರಕರಣದಲ್ಲಿ ಒಂದು ‘ಆ್ಯಂಡ್’ ಮೇಲೆ ಒಡೆದು ಹೋಯಿತು. ಮಾದಕವಸ್ತು ಅಪರಾಧಿಗೆ ಕನಿಷ್ಠ ಶಿಕ್ಷೆಯಿಂದ ರಿಯಾಯಿತಿ ಬೇಕಾದರೆ ಅವನ ಹಿಂದಿನ ದಾಖಲೆಯಲ್ಲಿ ಮೊದಲನೆಯದು, ಎರಡನೆಯದು ‘ಆ್ಯಂಡ್’ ಮೂರನೆಯದು ಇರಬಾರದು ಎಂದು ಕಾನೂನು. ಮೂರೂ ಒಟ್ಟಿಗೆ ಇರಬಾರದೋ, ಮೂರರಲ್ಲಿ ಒಂದೂ ಇರಬಾರದೋ? ಆರು ನ್ಯಾಯಮೂರ್ತಿಗಳು ಒಂದೂ ಇರಬಾರದು ಎಂದರು, ಮೂವರು ಒಪ್ಪಲಿಲ್ಲ. ಸೆರೆಮನೆಯ ವರ್ಷಗಳು ಅದರ ಮೇಲೆ ನಿಂತಿದ್ದವು. ಮೇಲಿನ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವಾಗಲೇ ‘ಮೂರೂ ಒಟ್ಟಿಗೆ’, ‘ಒಂದೂ’ ಎಂದು ಬೇರೆಯಾಗಿ ಹೋಯಿತು, ಗಮನಿಸಿ. ‘ಇದೂ ಅದೂ ಇರಬಾರದು’ ಎಂದರೆ ಎರಡಕ್ಕೂ ಬಾಗಿಲು ಮುಚ್ಚಿತು. ‘ಊ’ ಪ್ರತಿ ಪದದ ಬೆನ್ನ ಮೇಲೂ ಕೂರುವುದರಿಂದ ನಿಷೇಧ ಒಂದೊಂದಕ್ಕೂ ತಟ್ಟುತ್ತದೆ. ಇದನ್ನೇ ‘ಇದು ಮತ್ತು ಅದು ಇರಬಾರದು’ ಎಂದು ಬರೆದುಬಿಟ್ಟರೆ ಅಮೆರಿಕದ ತಕರಾರು ಹಾಗೇ ಕನ್ನಡಕ್ಕೆ ಬಂದುಬಿಡುತ್ತದೆ.

ಬಂದುಬಿಟ್ಟಿದೆ ಕೂಡ. ಸರ್ಕಾರಿ ಸುತ್ತೋಲೆ, ಬ್ಯಾಂಕಿನ ಅರ್ಜಿ, ಮೊಬೈಲ್ ಕಂಪನಿಯ ನಿಬಂಧನೆಗಳ ಕನ್ನಡ ನೋಡಿ. ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ಆ್ಯಂಡ್ ಇದೆಯೋ ಅಲ್ಲೆಲ್ಲ ‘ಮತ್ತು’, ಬೇಸರವಾದಾಗ ‘ಹಾಗೂ’, ಇನ್ನೂ ಬೇಸರವಾದಾಗ ‘ಮತ್ತು/ಅಥವಾ’. ‘ಅರ್ಜಿ ತುಂಬಿ, ಸಹಿ ಮಾಡಿ, ಕೌಂಟರಿನಲ್ಲಿ ಕೊಡಿ’ ಎಂದು ಹೇಳುವ ಭಾಷೆಯಲ್ಲಿ ‘ಅರ್ಜಿಯನ್ನು ತುಂಬಿರಿ ಮತ್ತು ಸಹಿ ಮಾಡಿರಿ ಮತ್ತು ಸಲ್ಲಿಸಿರಿ’ ಎಂದು ಬರೆಯುವುದು ಯಾವ ಪುರುಷಾರ್ಥಕ್ಕೆ? ಇಂಗ್ಲಿಷಿನಲ್ಲಿ ಬಟ್ ಹೆಚ್ಚಾದರೆ ಕೆಂಪು ಶಾಯಿ ಹಿಡಿಯುವ ಸಮಾಜ ಕನ್ನಡದಲ್ಲಿ ‘ಮತ್ತು’ ಹೆಚ್ಚಾದರೆ ಕಣ್ಣೆತ್ತಿಯೂ ನೋಡುವುದಿಲ್ಲ.

ಮತ್ತೆ ಬೋರ್ಡಿನ ಮೇಲಿನ ಪಟ್ಟಿಗೆ. ಅದರಲ್ಲಿ ಅಳಿಸಿಹಾಕಬೇಕಾದ ಸಾಲೂ ಒಂದಿರುತ್ತದೆ: ವಾಕ್ಯವನ್ನು ಆ್ಯಂಡ್, ಬಟ್, ಬಿಕಾಸ್‌ಗಳಿಂದ ಶುರುಮಾಡಬಾರದು ಎಂಬುದು. ಇಂಗ್ಲಿಷಿನ ಒಳ್ಳೆಯ ಗದ್ಯ ಬರೆದವರಲ್ಲಿ ಈ ನಿಯಮ ಪಾಲಿಸಿದವರನ್ನು ಹುಡುಕುವುದು ಕಷ್ಟ. ಮಗು ತುಂಡು ವಾಕ್ಯ ಬರೆಯದಿರಲಿ ಎಂದು ಯಾವುದೋ ಕಾಲದ ಮೇಷ್ಟ್ರು ಹಾಕಿದ ಬೇಲಿ ಅದು. ಬೇಲಿ ಉಳಿಯಿತು, ಕಾರಣ ಮರೆತಿತು.

ಆ ಸಾಲು ಅಳಿಸಿ ಖಾಲಿಯಾದ ಜಾಗದಲ್ಲಿ ಕನ್ನಡದ ಎರಡು ವಾಕ್ಯ ಬರೆಯಬಹುದು. ‘ಮಳೆ ಬಂದರೂ ಹೋಗುತ್ತೇನೆ.’ ‘ಮಳೆ ಬಂದರೂ ಹೋದೆ.’ ಎರಡರಲ್ಲೂ ‘ಬಂದರೂ’ ಒಂದೇ. ಮೊದಲನೆಯದರಲ್ಲಿ ಮಳೆ ಇನ್ನೂ ಬಂದಿಲ್ಲ, ಬರಬಹುದು; ಎರಡನೆಯದರಲ್ಲಿ ಬಂದು ಹೋಗಿದೆ. ಬೇರೆ ಮಾಡುವುದು ಕೊನೆಯ ಕ್ರಿಯಾಪದ. ಇಂಗ್ಲಿಷ್ ಮೊದಲನೆಯದಕ್ಕೆ ಈವನ್ ಇಫ್ ಕೇಳುತ್ತದೆ, ಎರಡನೆಯದಕ್ಕೆ ಆಲ್ದೋ. ‘ಆಲ್ದೋ ಇಟ್ ರೈನ್ಸ್, ಐ ವಿಲ್ ಕಮ್ ಟುಮಾರೋ’ ಎಂದು ಸಂದರ್ಶನಕ್ಕೆ ಉತ್ತರ ಕಳಿಸಿದವಳ ತಪ್ಪು ‘ಬರಬಾರದು’ ಎಂಬ ಪಟ್ಟಿಯಲ್ಲಿ ಎಲ್ಲೂ ಇಲ್ಲ, ಯಾಕೆಂದರೆ ಅಲ್ಲಿ ಬಟ್ ಇಲ್ಲವೇ ಇಲ್ಲ. ಈ ಎರಡು ಸಾಲನ್ನು ತೆಲುಗಿನವರು ತೆಲುಗಿನಲ್ಲಿ ಹೇಳಿ ನೋಡಲಿ, ‘ವಚ್ಚಿನಾ’ ಎರಡು ಕಡೆಯೂ ಬದಲಾಗದೆ ನಿಲ್ಲುತ್ತದೆ. ಹದಿನೈದು ನಿಮಿಷದ ಪಾಠ. ಕೆಳಗಿನ ಟಿಫಿನ್ ಸೆಂಟರಿನಲ್ಲಿ ಚಹಾಕ್ಕೆ ಇಳಿಯುವಷ್ಟರಲ್ಲಿ ಮುಗಿಯುತ್ತದೆ.